ಏರು ಹತ್ತಲಿಕ್ಕೆ ಬ್ರೇಕ್ ಯಾಕ್ರೀ?

ಮೊನ್ನೆ ಕುಕ್ಕರಿನ ಸೀಟಿ ಹುಡುಕುತ್ತಾ ಅಡುಗೆಮನೆಯ ಮೂರನೇ ಡ್ರಾಯರ್ ಎಳೆದೆ. ನಿಮ್ಮ ಮನೆಯಲ್ಲೂ ಅಂಥದೊಂದು ಡ್ರಾಯರ್ ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ. ರಬ್ಬರ್ ಬ್ಯಾಂಡು, ಸತ್ತ ಬ್ಯಾಟರಿ, ಯಾವುದೋ ಪಾರ್ಸಲ್ ಊಟದ ಜೊತೆ ಬಂದ ಸಾಸ್ ಪ್ಯಾಕೆಟ್ಟು, ಯಾವ ಬೀಗದ್ದೆಂದು ದೇವರಿಗೇ ಗೊತ್ತಿರದ ಕೀಲಿಕೈ. ಸೀಟಿ ಸಿಗಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಎರಡು ಕರಿ ಬಿಲ್ಲೆಗಳು ಸಿಕ್ಕವು. ಅಂಚಿನಲ್ಲಿ ಇನ್ನೂ ಕುಂಕುಮದ ಕೆಂಪು ಉಳಿದಿತ್ತು.

"ಇದನ್ನ ಇನ್ನೂ ಎಸೆದಿಲ್ವಾ ನೀನು?" ಅಂದರು ನಮ್ಮವರು, ಹಿಂದಿನಿಂದ ಇಣುಕಿ.

"ಎಸೀಲಿಕ್ಕೆ ಅದೇನು ಕಸಾ ಏನ್ರೀ?"

"ಮತ್ತೇನು?"

"ಸರ್ಟಿಫಿಕೇಟು."

ಅವರು ನಕ್ಕು ಕಾಫಿ ಲೋಟ ಹಿಡಿದು ಹೊರಗೆ ಹೋದರು. ಮೈಸೂರಿನವರು, ವಾದ ಬೆಳೆಸುವ ಜಾತಿಯಲ್ಲ. ನಾನು ಧಾರವಾಡದವಳು, ಬೆಳೆಸದೆ ಬಿಡುವ ಜಾತಿಯಲ್ಲ. ಆ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತೆ, ಒಲೆಯ ಮೇಲೆ ಬೇಳೆ ಉಕ್ಕಿ ಹರಿಯಿತು.

ಅವು ಸೈಕಲ್ಲಿನ ಬ್ರೇಕ್ ಪ್ಯಾಡುಗಳು. ನನ್ನ ಸೈಕಲ್ಲಿನವಲ್ಲ, ಫ್ರಾನ್ಸಿನ ಒಂದು ಹೊಳೆಯ ಕಣಿವೆಯಲ್ಲಿ ನಾನು ಆರು ದಿನ ತುಳಿದ ಬಾಡಿಗೆ ಸೈಕಲ್ಲಿನವು. ಅವನ್ನು ಕೆಡಿಸಿದವಳೂ ನಾನೇ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಸುತ್ತುಬಳಸಿ ಹೇಳುತ್ತೇನೆ, ನೀವು ಮನೆಯವರೇ, ಸಹಿಸಿಕೊಳ್ಳಿ.

ನಾವಿರುವುದು ಅಮೆರಿಕದಲ್ಲಿ, ಹ್ಯೂಸ್ಟನ್ನಿನ ಮಗ್ಗುಲಿನ ಕೇಟಿಯಲ್ಲಿ. ಹತ್ತಿರದ ಸ್ಟಾಫರ್ಡ್‌ನಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಹ್ಯೂಸ್ಟನ್ನಿನ ಸುತ್ತಮುತ್ತ ಯಾವ ಮದುವೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಹೆಂಗಸರ ಬೆನ್ನಿಗೆ. ಹತ್ತರಲ್ಲಿ ನಾಲ್ಕು ಬೆನ್ನು ನನ್ನವೇ. ಕೂತು ಹೊಲಿಯುವ ಕೆಲಸ, ಕೂತು ಡ್ರೈವ್ ಮಾಡಿ ಮನೆಗೆ ಬರುವುದು, ಕೂತು ಸೀರಿಯಲ್ ನೋಡುವುದು. ಹಾಗಿರುವಾಗ ಆಸ್ಟಿನ್‌ನಲ್ಲಿರುವ ನಮ್ಮ ಮಗಳು ಮೇಘಾ ಒಂದು ಭಾನುವಾರ ಫೋನ್ ಮಾಡಿದಳು. ಅವಳು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ನಾನು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೇನೆ. ನಮ್ಮ ಮನೆಯ ಏರ್ಪಾಡೇ ಹಾಗೆ. ಆದ್ದರಿಂದ ಅವಳ ಮಾತನ್ನೆಲ್ಲ ನನ್ನ ಕಿವಿಗೆ ಬಿದ್ದ ಭಾಷೆಯಲ್ಲೇ ಬರೆಯುತ್ತೇನೆ.

"ಅಮ್ಮಾ, ಫ್ರಾನ್ಸಿನಲ್ಲಿ ಡೊರ್ಡೋನ್ ಅಂತ ಒಂದು ನದಿ. ಎರಡೂ ಕಡೆ ಗುಡ್ಡ. ಗುಡ್ಡದ ತಲೆಯ ಮೇಲೆ ಏಳೆಂಟುನೂರು ವರ್ಷದ ಹಳ್ಳಿಗಳು, ಕೋಟೆಗಳು. ಸೈಕಲ್ ಮೇಲೆ ಆರು ದಿನ. ನಿನಗೆ ಅರವತ್ತು ತುಂಬೋ ಮೊದಲು ನಾವಿಬ್ಬರೇ ಹೋಗೋಣ. ನಿನಗೆ ಇ-ಬೈಕ್ ಬುಕ್ ಮಾಡ್ತೀನಿ."

"ಮೋಟರ್ ಇರೋದು ಬ್ಯಾಡ," ಅಂದೆ.

"ಏರು ಇದಾವೆ ಅಮ್ಮಾ. ನಿನ್ನ ವಯಸ್ಸಿನವರೆಲ್ಲ ಅದನ್ನೇ ತಗೊಳ್ಳೋದು."

"ಇರ್ಲಿ. ಒಂದು ಏರಿನ್ಯಾಗೂ ಇಳಿಯೂದಿಲ್ಲ ನಾ. ಬರದಿಟ್ಕೋ."

ಅಂದುಬಿಟ್ಟೆ. ಅಂದ ಮೇಲೆ ನನಗೇ ಗಾಬರಿಯಾಯಿತು. ಸೈಕಲ್ ಮುಟ್ಟಿ ನಲವತ್ತು ವರ್ಷವಾಗಿತ್ತು. ಆದರೆ ಆ ಮಾತು ಬಾಯಿಂದ ಬಂದದ್ದಲ್ಲ, ಇನ್ನೂ ಒಳಗಿನಿಂದ, ಧಾರವಾಡದ ಕಡೆಯಿಂದ ಬಂದದ್ದು.

ನಮ್ಮಪ್ಪನದು ಊರೂರು ತಿರುಗುವ ನೌಕರಿ. ಅದಕ್ಕೆ ನನ್ನನ್ನು ಓದಲಿಕ್ಕೆ ಧಾರವಾಡದಲ್ಲಿ ಅವ್ವನ ತವರಿನಲ್ಲಿ, ಅಜ್ಜನ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ನನಗೆ ತಾಯಿಯೂ ಗೆಳತಿಯೂ ಆಗಿದ್ದವಳು ಅಬಚಿ. ಅಬಚಿ ಅಂದರೆ ಅವ್ವನ ತಂಗಿ; ನಮ್ಮ ಕಡೆ ಹಾಗೇ ಕರೆಯುವುದು. ಕನ್ನಡ ಸಾಲಿಯಲ್ಲಿ ಟೀಚರು, ಲಗ್ನ ಆಗಿರಲಿಲ್ಲ, ಓಣಿಯಲ್ಲಿ ಸೈಕಲ್ ಇದ್ದ ಒಬ್ಬಳೇ ಹೆಣ್ಣುಮಗಳು. ಹಿಂದಿನ ಗಾಲಿಗೆ ಸೀರೆ ಸಿಕ್ಕದ ಹಾಗೆ ದಾರದ ಬಲೆ ಕಟ್ಟಿದ ಹಸಿರು ಸೈಕಲ್. ಕ್ಯಾರಿಯರ್ ಮೇಲೆ ನಾನು, ನನ್ನ ತೊಡೆಯ ಮೇಲೆ ಮಕ್ಕಳ ಪಟ್ಟಿ ಪುಸ್ತಕಗಳ ಗಂಟು.

ಮಾಳಮಡ್ಡಿಯ ಏರು ಬರುವವರೆಗೆ ನಾವು ರಾಣಿಯರು. ಏರು ಶುರುವಾಯಿತೋ, ಅಬಚಿ ಟಕ್ ಅಂತ ಕಾಲು ನೆಲಕ್ಕೂರಿ ಇಳಿದುಬಿಡುತ್ತಿದ್ದಳು. ಸೆರಗು ಸರಿಮಾಡಿಕೊಂಡು, ಹ್ಯಾಂಡಲ್ ಹಿಡಿದು ತಳ್ಳುತ್ತಾ ನಡೆಯುತ್ತಿದ್ದಳು. ನಾನೂ ಇಳಿದು ಹಿಂದಿನಿಂದ ದಬ್ಬುತ್ತಿದ್ದೆ. ನೆತ್ತಿ ಮುಟ್ಟಿದ ಮೇಲೆ ಮತ್ತೆ ಸವಾರಿ. ಬಿಸಿಲಿರಲಿ, ಮಳೆಯಿರಲಿ, ಸಾಲಿಗೆ ತಡವಾಗಿರಲಿ, ಇದು ತಪ್ಪಿದ್ದಿಲ್ಲ.

ಒಂದು ದಿನ ಕೇಳಿದೆ. "ಯಾಕ ಇಳೀತಿ ಅಬಚಿ? ನಿನಗ ಹತ್ತಲಿಕ್ಕೆ ಆಗೂದಿಲ್ಲೇನು?"

"ಆಗ್ತದ," ಅಂದಳು, ಸ್ವಲ್ಪ ಸಿಟ್ಟಿನಿಂದಲೇ.

"ಮತ್ತ?"

"ಏರಿನ್ಯಾಗ ಪೆಡಲ್ ಮ್ಯಾಲ ಎದ್ದು ನಿಂತು ತುಳೀಬೇಕಾಗ್ತದ. ಹೆಣ್ಮಕ್ಕಳಿಗೆ ಅದು ಒಪ್ಪೂದಿಲ್ಲ ಅಂತ ಅಜ್ಜ ಹೇಳ್ಯಾನ. ಯಾರರ ನೋಡ್ಯಾರು."

ಅಜ್ಜ ಕೆಟ್ಟವನಲ್ಲ. ಸೈಕಲ್ ಕೊಡಿಸಿದವನೇ ಅವನು. ಸಪಾಟು ರಸ್ತೆಗೆ ಪರವಾನಗಿ ಕೊಟ್ಟಿದ್ದ, ಏರಿಗೆ ಕೊಟ್ಟಿರಲಿಲ್ಲ, ಅಷ್ಟೇ. ಅಜ್ಜ ಹೋದ ಮೇಲೂ ಅಬಚಿ ಇಳಿಯುವುದನ್ನು ಬಿಡಲಿಲ್ಲ. ಮುಂದೆ ನನಗೂ ಸೈಕಲ್ ಬಂತು, ನಾನೂ ಆ ಏರಿನಲ್ಲಿ ಇಳಿದೆ, ಯಾರೂ ಹೇಳದೆಯೇ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ಹತ್ತಿ ಸೋತು ಇಳಿದಿದ್ದರೆ ಬೇರೆ ಮಾತು. ನಾವು ಹತ್ತುವ ಮೊದಲೇ ಇಳಿಯುತ್ತಿದ್ದೆವು.

ಸರಿ, ಆಣೆ ಮಾಡಿದ್ದಾಯಿತು, ಇನ್ನು ತಯಾರಿ. ಅಲ್ರೀ, ಹ್ಯೂಸ್ಟನ್ನಿನಲ್ಲಿ ಏರು ಎಲ್ಲಿಂದ ತರುವುದು? ಲಟ್ಟಣಿಗೆಯಲ್ಲಿ ಲಟ್ಟಿಸಿದಂಥ ಊರು. ಕೇಟಿಯಲ್ಲಿ ನೀರು ಚೆಲ್ಲಿದರೆ ಯಾವ ಕಡೆ ಹರಿಯಬೇಕು ಅಂತ ತಿಳಿಯದೆ ಅಲ್ಲೇ ನಿಲ್ಲುತ್ತದೆ. ಇಲ್ಲಿ ಎತ್ತರ ಅಂತ ಇರುವುದು ಎರಡೇ: ಫ್ರೀವೇ ಮೇಲಿನ ಸೇತುವೆ, ಅಲ್ಲಿ ಸೈಕಲ್ ಒಯ್ದರೆ ನೇರ ಮೇಲಕ್ಕೇ ಹೋಗುತ್ತೇನೆ, ಇನ್ನೊಂದು, ಆಫೀಸುಗಳ ಐದಂತಸ್ತಿನ ಪಾರ್ಕಿಂಗ್ ಕಟ್ಟಡ. ಸುತ್ತಿ ಸುತ್ತಿ ಮೇಲೇರುವ ಸಿಮೆಂಟಿನ ದಾರಿ. ಭಾನುವಾರ ಬೆಳಿಗ್ಗೆ ಖಾಲಿ.

ಮೊದಲ ಭಾನುವಾರ ಎರಡನೇ ಅಂತಸ್ತಿನಲ್ಲೇ ಕಾವಲುಗಾರ ಅಡ್ಡ ಬಂದ. ಏನು ಮಾಡ್ತಿದ್ದೀರಿ ಅಂತ ಕೇಳಿದ. "ಗುಡ್ಡ ಹತ್ತುತ್ತಿದ್ದೇನೆ," ಅಂದೆ. ಇದು ಕಾರು ನಿಲ್ಲಿಸುವವರಿಗೆ ಮಾತ್ರ ಮ್ಯಾಮ್, ಅಂತ ವಿನಯದಿಂದಲೇ ಹೊರಗೆ ಹಾಕಿದ. ಮುಂದಿನ ಭಾನುವಾರ ನಮ್ಮವರು ಕಾರು ತಂದು ಒಳಗೆ ನಿಲ್ಲಿಸಿದರು, ಡಿಕ್ಕಿಯಿಂದ ಸೈಕಲ್ ಇಳಿಸಿದರು. "ಕಾರು ಪಾರ್ಕ್ ಮಾಡಿದ್ದೇವಲ್ಲ," ಅಂದರು. ಆ ಮನುಷ್ಯ ನನ್ನ ಮುಖ ನೋಡಿದ, ಇವರ ಮುಖ ನೋಡಿದ, ತಲೆ ಕೆರೆದುಕೊಂಡು ಹೋದ. ಮೂರನೇ ವಾರದಿಂದ ಅವನೇ ಕೇಳತೊಡಗಿದ, ಇವತ್ತು ಎಷ್ಟು ಸುತ್ತು ಅಂತ.

ಸುದ್ದಿ ಡಲ್ಲಾಸ್ ಮುಟ್ಟಿತು. ಅದರ ಪಕ್ಕದ ಅಲೆನ್‌ನಲ್ಲಿರುವ ನನ್ನ ನಾದಿನಿ ಫೋನ್ ಮಾಡಿ, "ಅತ್ತಿಗೆ, ಮಂಡಿ ಕೈಕೊಟ್ರೆ ಏನ್ ಮಾಡ್ತೀರಾ? ಸುಮ್ನೆ ಒಂದು ಕ್ರೂಸ್‌ಗೆ ಹೋಗಿ ಬನ್ನಿ. ಕೂತ್ಕೊಂಡು ಎಲ್ಲಾ ನೋಡ್ಬಹುದು," ಅಂದಳು. ಕೂತು ಕೂತೇ ಇಲ್ಲಿಗೆ ಬಂದಿದ್ದೇನೆ ಕಣಮ್ಮ, ಅಂದೆ.

ಕೂರುವ ಮಾತು ಬಂತು, ಹೇಳಿಬಿಡುತ್ತೇನೆ. ಸೈಕಲ್ಲಿನ ಆ ಸೀಟು ಮನುಷ್ಯರಿಗೆ ಅಂತ ಮಾಡಿದ್ದಲ್ಲ. ಅಂಗಡಿಯಲ್ಲಿ ಸಿಗುವ ಮೆತ್ತೆ ಹಾಕಿದ ಚಡ್ಡಿ ನನಗೆ ಒಂದೂ ಸರಿಹೋಗಲಿಲ್ಲ. ನಾನೇ ಹೊಲಿದೆ. ಮೆತ್ತೆಗೆ ಏನು ಹಾಕಿದೆ ಗೊತ್ತೇ? ಬ್ಲೌಸಿನ ಒಳಗೆ ಹಾಕುವ ಪ್ಯಾಡುಗಳು, ಆರು ಜೋಡಿ. ಮೇಲೆ ಮೊಣಕಾಲಿನ ತನಕ ಕುರ್ತಾ. ಮೇಘಾ ನೋಡಿ ಐದು ನಿಮಿಷ ನೆಲದ ಮೇಲೆ ಕೂತು ನಕ್ಕಳು. ನಗಲಿ, ಆರು ದಿನ ನೋವಿಲ್ಲದೆ ಕೂತವಳು ನಾನೇ.

ಪಾರ್ಕಿಂಗ್ ಕಟ್ಟಡ ಗೆದ್ದೆ ಅಂತ ಆಸ್ಟಿನ್‌ಗೆ ಹೋದೆ. ಅಲ್ಲಿ ಪಡುವಣ ಕಡೆ ನಿಜವಾದ ಗುಡ್ಡಗಳಿವೆ, ಹೊಳೆ ಕೊರೆದ ಕಣಿವೆಗಳಿವೆ. ಮೇಘಾ ಮುಂದೆ, ನಾನು ಹಿಂದೆ. ಮೊದಲ ಏರು ಬಂತು. ಉಸಿರು ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು. ಏರು ಶುರುವಾದದ್ದೇ ತಡ, ಎಡಗಾಲು ತಾನಾಗಿ ನೆಲಕ್ಕೆ ಬಂತು. ಇಳಿದು ನಿಂತಿದ್ದೆ. ಬಲಗೈ ಹೆಗಲಿಗೆ ಹೋಗಿ ಇಲ್ಲದ ಸೆರಗು ಸರಿಮಾಡುತ್ತಿತ್ತು.

ಮೇಘಾ ತಿರುಗಿ ಬಂದಳು. "ಯಾಕಮ್ಮಾ ಇಳಿದೆ? ಸುಸ್ತೇ ಆಗಿಲ್ಲ ನಿನಗೆ."

ಹೌದಲ್ಲ. ರಸ್ತೆಯ ಬದಿಗೆ ಕಲ್ಲಿನ ಮೇಲೆ ಕೂತು ಅವಳಿಗೆ ಅಬಚಿಯ ಕಥೆ ಹೇಳಿದೆ, ಹಸಿರು ಸೈಕಲ್, ಮಾಳಮಡ್ಡಿ, ಎಲ್ಲಾ. ಹೇಳುತ್ತಾ ಅತ್ತೆ. ಅವಳು ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂತಳು. ಕೊನೆಗೆ ಇ-ಬೈಕಿನ ಮಾತನ್ನು ಅವಳೇ ಬಿಟ್ಟಳು. "ಸರಿ, ಮತ್ತೆ ಕೆಳಗಿಂದ ಶುರು ಮಾಡು," ಅಂದಳು.

ಎಂಟು ವಾರಾಂತ್ಯ, ಕೇಟಿಯಿಂದ ಆಸ್ಟಿನ್. ಸಣ್ಣ ಏರುಗಳನ್ನು ಒಂದೊಂದಾಗಿ ಗೆದ್ದೆ. ದೊಡ್ಡದೊಂದಿತ್ತು, ಅದರಲ್ಲಿ ಮಾತ್ರ ಕೊನೆಯ ತಿರುವಿಗೆ ಬಂದಾಗ ಪ್ರತಿ ಸಲವೂ ಆ ಹಾಳು ಎಡಗಾಲು ಕೆಳಗಿಳಿಯುತ್ತಿತ್ತು. ಕಾಲಿಗೆ ಬೈದೆ, ಬೇಡಿಕೊಂಡೆ. ಕೇಳಲಿಲ್ಲ. ಹಾಗೇ ವಿಮಾನ ಹತ್ತಿದೆ.

ಆ ಕಣಿವೆಯ ಬಗ್ಗೆ ಏನು ಹೇಳಲಿ? ಹೊಳೆ ಅವಸರವಿಲ್ಲದೆ ಹರಿಯುತ್ತದೆ. ದಂಡೆಗುಂಟ ಅಕ್ರೋಟಿನ ತೋಟಗಳು, ಕೆಳಗೆ ಬಿದ್ದ ಕಾಯಿಗಳ ಮೇಲೆ ಗಾಲಿ ಹೋದರೆ ಪಟಪಟ ಸದ್ದು. ಮನೆಗಳ ಕಲ್ಲು ಹುರಿದ ಕಡಲೆಹಿಟ್ಟಿನ ಬಣ್ಣ, ಬೇಸನ್ ಉಂಡೆ ಕಟ್ಟುವ ಮೊದಲಿನ ಹದ. ಓಣಿಗಳು ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ಯಾರಾದರೂ ಬಂದರೆ ಒಬ್ಬರು ಯಾರದೋ ಬಾಗಿಲ ಮೆಟ್ಟಿಲು ಹತ್ತಿ ನಿಲ್ಲಬೇಕು. ಹಳ್ಳಿಗಳ ಹೆಸರು ಬಾಯಿಗೆ ಹೊಂದಲಿಲ್ಲ. ನಾನು ಅವಕ್ಕೆ ನನ್ನದೇ ಹೆಸರಿಟ್ಟೆ. ಬೆಕ್ಕಿನ ಊರು, ಗಂಟೆ ತಪ್ಪು ಹೊಡೆಯುವ ಊರು, ಛಲೋ ಚಹಾ ಸಿಗದ ಊರು. ಈ ಕೊನೆಯ ಹೆಸರು ಐದಾರಕ್ಕೆ ಇಡಬೇಕಾಯಿತು. ಮಧ್ಯಾಹ್ನ ಯಾವುದಾದರೂ ಚರ್ಚಿನ ನೆರಳಲ್ಲಿ ಕೂತು, ಅಲುಗಾಡಿ ಪುಡಿಯಾದ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತಿದ್ದೆವು.

ಒಂದೇ ದೂರು: ಎಲ್ಲಾ ಊರೂ ಗುಡ್ಡದ ತಲೆಯ ಮೇಲೆ. ಆ ಕಾಲದವರು ಬೇಕಂತಲೇ ಹಾಗೆ ಕಟ್ಟಿದ್ದು, ವೈರಿ ಏದುಸಿರು ಬಿಡುತ್ತಾ ಬರಲಿ, ಬಾಗಿಲ ಮುಂದೆ ಕುಸಿದು ಬೀಳಲಿ ಅಂತ. ಕೇಟಿಯಿಂದ ಒಬ್ಬ ದರ್ಜಿ ಹೆಂಗಸು ಬರುತ್ತಾಳೆ ಅಂತ ಅವರಿಗೇನು ಗೊತ್ತು ಪಾಪ. ನಾನು ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿ ತುಳಿದೆ. ಬಗಲಲ್ಲಿ ಬ್ರೆಡ್ ಹಿಡಿದ ಒಬ್ಬ ಮುದುಕಿ ನಡೆದುಕೊಂಡೇ ನನ್ನನ್ನು ದಾಟಿ ಹೋದಳು, ನಮಸ್ಕಾರ ಬೇರೆ ಹೇಳಿದಳು. ಹೇಳಿದರೆ ಹೇಳಲಿ. ನಾಲ್ಕು ದಿನ, ಏಳು ಏರು, ಒಂದರಲ್ಲೂ ಇಳಿಯಲಿಲ್ಲ.

ಐದನೇ ದಿನ ಖಂಡೇನವಮಿ. ಆಯುಧಪೂಜೆ ಅನ್ನುತ್ತೀರಲ್ಲ, ಅದೇ. ಹುಟ್ಟಿದಾಗಿನಿಂದ ಆ ದಿನ ಯಂತ್ರಕ್ಕೆ ಪೂಜೆ ಮಾಡದೆ ನಾನು ತಿಂಡಿ ತಿಂದವಳಲ್ಲ. ಪೂಜೆ ಕಲಿಸಿದವಳೂ ಅಬಚಿಯೇ. ಹೊಲಿಗೆ ಮಷೀನಿಗೆ, ಹಸಿರು ಸೈಕಲ್ಲಿಗೆ ಮೊದಲು ಎಣ್ಣೆ, ಆಮೇಲೆ ಕುಂಕುಮ. "ಬರೇ ಹೂವು ಏರಿಸಿದ್ರ ಮಷೀನಿಗೆ ಏನು ಬಂತು? ತಿರುಗೂ ಜಾಗಾಕ್ಕೆಲ್ಲಾ ಒಂದೊಂದು ಹನಿ ಎಣ್ಣಿ ಬಿಡು, ಅದು ಪೂಜಾ," ಅನ್ನುತ್ತಿದ್ದಳು. ಸ್ಟಾಫರ್ಡ್‌ನ ನನ್ನ ನಾಲ್ಕು ಮಷೀನುಗಳಿಗೆ ಪ್ರತಿ ವರ್ಷ ಹಾಗೇ ಮಾಡುತ್ತೇನೆ. ಈ ವರ್ಷ ಮಷೀನುಗಳು ಅಲ್ಲಿ, ನಾನು ಇಲ್ಲಿ. ಇದ್ದ ಯಂತ್ರ ಅಂದರೆ ಸೈಕಲ್ ಒಂದೇ. ಹೊಲಿಗೆಯ ಚೀಲ ಎಲ್ಲಿ ಹೋದರೂ ಜೊತೆಗಿರುತ್ತದೆ, ಅದರಲ್ಲಿ ಉದ್ದ ಮೂತಿಯ ಎಣ್ಣೆ ಬಾಟಲಿಯೂ ಇತ್ತು.

ನಾವು ತಂಗಿದ್ದ ಮನೆಯ ಅಂಗಳದಲ್ಲಿ ಶುರುಮಾಡಿದೆ. ಮನೆಯಾಕೆಯ ಹತ್ತಿರ ಎರಡು ನಿಂಬೆಹಣ್ಣು ಕೇಳಿದೆ, ಚಹಾಕ್ಕೆ ಅಂತ ತಿಳಿದು ಕುಯ್ದು ತಂದಳು. ಇಡೀದು ಬೇಕು ಅಂತ ಮತ್ತೆ ತರಿಸಿದೆ. ಅವಳ ಕಿಟಕಿಯ ಕುಂಡದಿಂದ ಕೆಂಪು ಹೂವು. ಚೈನಿಗೆ ಎಣ್ಣೆ, ಪೆಡಲಿಗೆ ಎಣ್ಣೆ. ಆಮೇಲೆ ಗಾಲಿಯ ನಡುವೆ ಒಂದು ತೂತುತೂತಿನ ಉಕ್ಕಿನ ತಟ್ಟೆ ಕಂಡಿತು, ಚಕ್ಕುಲಿ ಒರಳಿನ ಬಿಲ್ಲೆಯ ಹಾಗೆ. ಪಾಪ, ಒಣಗಿ ಬಿಕೋ ಅನ್ನುತ್ತಿತ್ತು. ಅಬಚಿಯ ಸೈಕಲ್ಲಿನಲ್ಲಿ ಇಂಥದ್ದು ಇರಲಿಲ್ಲ. ತಿರುಗುತ್ತದೆ ಅಂದ ಮೇಲೆ ಎಣ್ಣೆ ಬೇಕು ತಾನೇ? ಮುಂದಿನದಕ್ಕೂ ಹಿಂದಿನದಕ್ಕೂ ಧಾರಾಳವಾಗಿ ಬಿಟ್ಟು, ಅದೇ ಎಣ್ಣೆಯಲ್ಲಿ ಕುಂಕುಮ ಕಲಸಿ ಬೊಟ್ಟಿಟ್ಟೆ. ಮೇಘಾಳ ಸೈಕಲ್ ಕಡೆ ಹೋದೆ. ಅವಳು ಅಡ್ಡ ನಿಂತು, "ನನ್ನದಕ್ಕೆ ಹೂವು ಸಾಕಮ್ಮಾ," ಅಂದಳು. ದೇವರೇ ಆ ಮಗುವಿನ ಬಾಯಲ್ಲಿ ಮಾತಾಡಿದ್ದು.

ನಿಂಬೆಹಣ್ಣು ಪಚಕ್ಕೆಂದಿತು, ಹೊರಟೆವು. ಊರ ಬಾಗಿಲು ದಾಟಿದರೆ ಇಳಿಜಾರು. ಬ್ರೇಕ್ ಒತ್ತಿದೆ. ಆನೆ ಘೀಳಿಟ್ಟ ಹಾಗೆ ಒಂದು ಸದ್ದು ಬಂತು, ಸೈಕಲ್ ಮಾತ್ರ ನಿಲ್ಲಲಿಲ್ಲ. ಇನ್ನೂ ಜೋರಾಗಿ ಒತ್ತಿದೆ, ಆನೆ ಇನ್ನೂ ಜೋರಾಗಿ ಕೂಗಿತು. ಕಿಟಕಿಗಳು ತೆರೆದವು, ನಾಯಿಗಳು ಬೊಗಳಿದವು, ನಾನು "ಶ್ರೀಹರಿ" ಅನ್ನುತ್ತಾ ಒಂದು ಬೇಲಿಯ ಪೊದೆಯೊಳಗೆ ನುಗ್ಗಿ ನಿಂತೆ. ಮೊಣಕೈ ತರಚಿತು, ಅಷ್ಟೇ. ಮೇಘಾ ಓಡಿ ಬಂದು ನನ್ನನ್ನು ನೋಡಿದಳು, ಗಾಲಿ ನೋಡಿದಳು. "ಅಮ್ಮಾ... ಬ್ರೇಕ್‌ಗೆ ಎಣ್ಣೆ ಹಾಕಿದ್ಯಾ?"

ಆಗ ಗೊತ್ತಾಯಿತು ನನಗೆ, ಅದು ಬ್ರೇಕು ಅಂತ.

ಆ ದಿನದ ನನ್ನ ಸವಾರಿ ನೀವು ನೋಡಬೇಕಿತ್ತು. ಏರು ಬಂದರೆ ತುಳಿಯುವುದು, ಇಳಿಜಾರು ಬಂದರೆ ಇಳಿದು, ಸೈಕಲ್ ಹಿಡಿದುಕೊಂಡು ನಡೆಯುವುದು. ಇಡೀ ಜಗತ್ತು ಮಾಡುವುದರ ತಿರುವುಮುರುವು. ದ್ರಾಕ್ಷಿ ತೋಟದವರು ಕೆಲಸ ನಿಲ್ಲಿಸಿ ನೋಡಿದರು.

ಸಂಜೆ ಹೊಳೆದಂಡೆಯ ತಂಗುಮನೆಗೆ ಜೂಲಿಯನ್ ಬಂದ. ನಮ್ಮ ಪೆಟ್ಟಿಗೆಗಳನ್ನು ಊರಿಂದೂರಿಗೆ ವ್ಯಾನಿನಲ್ಲಿ ಒಯ್ಯುವವನು, ಸೈಕಲ್ ಕೆಟ್ಟರೆ ರಿಪೇರಿಯನ್ನೂ ಅವನೇ ಮಾಡುವವನು. ನನ್ನದೇ ವಯಸ್ಸು, ನರೆತ ಮೀಸೆ. ತಟ್ಟೆಯನ್ನು ಮುಟ್ಟಿದ, ಬೆರಳು ಮೂಸಿದ. ಕೆಂಪು ತೋರಿಸಿ, "ಪೇಂಟ್?" ಅಂದ.

"ಪ್ರೇಯರ್," ಅಂದಳು ಮೇಘಾ.

ಅವನು ಗಂಭೀರವಾಗಿ ಅಂದ: "ಮದಾಮ್. ಪ್ರೇಯರ್, ಓಕೆ. ಆಯಿಲ್, ನೋ."

ಸ್ಪಿರಿಟ್ಟಿನಿಂದ ಒರೆಸಿದ. ಪ್ಯಾಡುಗಳು ಎಣ್ಣೆ ಹೀರಿಬಿಟ್ಟಿದ್ದವು, ಬದಲಾಯಿಸಲೇಬೇಕು, ಹೊಸವು ನಾಳೆ ಮಧ್ಯಾಹ್ನಕ್ಕೆ ಸಿಗುತ್ತವೆ, ಅದೂ ಕೊನೆಯ ಊರಿನಲ್ಲಿ. ಆ ಊರು ನೆಟ್ಟಗೆ ನಿಂತ ಗುಡ್ಡದ ನೆತ್ತಿಯ ಮೇಲೆ. ಹೊಳೆಯ ದಂಡೆಗುಂಟ ಸಪಾಟು ದಾರಿ, ಆಮೇಲೆ ಮೂರು ಕಿಲೋಮೀಟರ್ ಬರೀ ಏರು. "ಮದಾಮ್ ನಾಳೆ ವ್ಯಾನಿನಲ್ಲಿ ಬರಲಿ," ಅಂತ ಅವನೇ ತೀರ್ಮಾನ ಕೊಟ್ಟ.

ಮೇಘಾ ಹೂಂ ಅಂದಳು. ಕೇಟಿಯಿಂದ ನಮ್ಮವರು ಫೋನಿನಲ್ಲಿ, "ಐದು ದಿನ ಮಾಡಿದ್ದೀಯಲ್ಲ, ಸಾಕು ಬಿಡು. ಬ್ರೇಕ್ ಇಲ್ದೆ ಹೋಗೋದು ಬೇಡ," ಅಂದರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಮಾಳಮಡ್ಡಿಯಲ್ಲೂ ಎಲ್ಲರೂ ಒಳ್ಳೆಯದಕ್ಕೇ ಹೇಳಿದ್ದರು.

"ಅಲ್ರೀ," ಅಂದೆ, "ಕೆಳಗ ಸಪಾಟು, ಮುಂದ ಏರು. ಏರು ಹತ್ತಲಿಕ್ಕೆ ಬ್ರೇಕ್ ಯಾಕ್ರೀ?"

ಜೂಲಿಯನ್‌ಗೆ ಮೇಘಾ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅವನು ಮೀಸೆ ಸವರಿಕೊಂಡ, ಗುಡ್ಡದ ಕಡೆ ನೋಡಿದ, ನನ್ನ ಕಡೆ ನೋಡಿದ. ಮದಾಮ್ ಹೇಳುವುದು ಸರಿ ಅಂದ.

ಮರುದಿನ ದಸರಾ. ಸೀಮೋಲ್ಲಂಘನ, ಅಂದರೆ ಊರ ಗಡಿ ದಾಟುವ ದಿನ. ಬೆಳಿಗ್ಗೆ ಸಪಾಟು ದಾರಿಯಲ್ಲಿ ನಿಧಾನಕ್ಕೆ ಬಂದು ಗುಡ್ಡದ ಬುಡಕ್ಕೆ ಮುಟ್ಟಿದೆವು. ಮೇಲೆ ನೋಡಿದರೆ ಕೋಟೆಯ ಗೋಡೆ, ಕಮಾನಿನ ಬಾಗಿಲು ಬೊಟ್ಟಿನಷ್ಟು ಸಣ್ಣಗೆ. ಜೂಲಿಯನ್ ವ್ಯಾನ್ ಹಿಂದೆ ಇಟ್ಟುಕೊಂಡು ಆಮೆಯ ಹಾಗೆ ಬರುತ್ತೇನೆ ಅಂದ. ವ್ಯಾನಿನ ಬಾಗಿಲು ತೆರೆದೇ ಇಟ್ಟಿದ್ದ, ಯಾವಾಗ ಬೇಕಾದರೂ ಹತ್ತಲಿ ಅಂತ. ಆ ತೆರೆದ ಬಾಗಿಲು ನೋಡಿ ನನಗೆ ರೋಷ ಬಂತು.

ಮೊದಲ ಕಿಲೋಮೀಟರ್ ಹೋದದ್ದು ಗೊತ್ತಾಗಲಿಲ್ಲ. ಎರಡನೆಯದರಲ್ಲಿ ತೊಡೆ ಉರಿಯತೊಡಗಿತು. ಬೆವರು ಕಣ್ಣಿಗೆ ಇಳಿಯಿತು. ಪಾರ್ಕಿಂಗ್ ಕಟ್ಟಡದ ಅಂತಸ್ತು ಎಣಿಸುವ ಹಾಗೆ ತಿರುವುಗಳನ್ನು ಎಣಿಸಿದೆ. ಬ್ಲೌಸಿನ ತೋಳು, ಕಂಠ, ಬೆನ್ನು, ಹುಕ್ಕು ಅಂತ ಒಂದೊಂದು ತಿರುವಿಗೆ ಒಂದೊಂದು ಕೆಲಸ ಮುಗಿಸುತ್ತಾ ಹೋದೆ. ಹುಕ್ಕು ಹಚ್ಚುವುದು ಬಾಕಿಯಿತ್ತು, ಕೊನೆಯ ತಿರುವು ಬಂತು. ಅಯ್ಯಯ್ಯಪ್ಪಾ, ಗೋಡೆಯೇ ಅದು. ಮೇಲೆ ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ನಾಲ್ಕು ಜನ ಮುದುಕರು ಕೂತು ಕೆಳಗೆ ನೋಡುತ್ತಿದ್ದರು.

ನೋಡುತ್ತಿದ್ದರು. ಅಷ್ಟು ಸಾಕಾಯಿತು ಎಡಗಾಲಿಗೆ. ಪೆಡಲ್ ಬಿಟ್ಟು ಮೇಲೆದ್ದಿತು.

"ಅಮ್ಮಾ!" ಅಂದಳು ಮೇಘಾ ಹಿಂದಿನಿಂದ. ಆಮೇಲೆ ಕನ್ನಡದಲ್ಲಿ, ಈ ಸಲ ನಿಜವಾಗಿ ಕನ್ನಡದಲ್ಲೇ, ತಪ್ಪುತಪ್ಪಾಗಿ: "ಇಳೀಬೇಡಾ! ಎದ್ದು ನಿಲ್ತೀಯಾ! ನಿಲ್ಲು!"

ಎದ್ದು ನಿಂತೆ. ಪೆಡಲಿನ ಮೇಲೆ ಎದ್ದು ನಿಂತೆ, ಜೀವಮಾನದಲ್ಲಿ ಮೊದಲ ಸಲ. ಇಡೀ ಮೈಯ ಭಾರ ಒಂದು ಕಾಲ ಮೇಲೆ, ಮತ್ತೆ ಇನ್ನೊಂದರ ಮೇಲೆ. ಕುರ್ತಾ ಗಾಳಿಗೆ ಹಾರುತ್ತಿತ್ತು, ಹಾರಲಿ. ಆರು ಜೋಡಿ ಪ್ಯಾಡು ಜಗತ್ತಿಗೆಲ್ಲ ಕಾಣುತ್ತಿತ್ತು, ಕಾಣಲಿ. ಏನು ಹಿತ ಗೊತ್ತೇ ಅದು? ಅಜ್ಜ, ಇಷ್ಟು ಸುಖ ಇರುವುದನ್ನು ನಮ್ಮಿಂದ ಯಾಕೆ ಮುಚ್ಚಿಟ್ಟೆ ನೀನು? ಬೆಂಚಿನ ಮೇಲಿನವರು ಏನೋ ಕೂಗಿದರು, ಎದ್ದರು, ಚಪ್ಪಾಳೆ ಹೊಡೆದರು. ಕಮಾನಿನ ನೆರಳು ತಲೆಯ ಮೇಲೆ ಬಂತು. ಗಡಿ ದಾಟಿದ್ದೆ.

ಇಳಿದು ಅದೇ ಬೆಂಚಿನ ಮೇಲೆ ಕುಸಿದು ಕೂತೆ. ಮುದುಕರು ಸರಿದು ಜಾಗ ಕೊಟ್ಟರು, ಒಬ್ಬಾಕೆ ನೀರು ಕೊಟ್ಟಳು. ಜೂಲಿಯನ್ ಅಲ್ಲೇ ಕೂತು ಹಿಂದಿನ ಗಾಲಿಯ ಹಳೇ ಪ್ಯಾಡು ಬಿಚ್ಚಿ, ಎಸೆಯಲು ಹೋದವನು ಏನೋ ನೆನೆದು ನನ್ನ ಅಂಗೈಯಲ್ಲಿ ಇಟ್ಟ. ಈ ಡ್ರಾಯರಿನಲ್ಲಿರುವವು ಅವೇ.

ದಸರಾ ಅಂದ ಮೇಲೆ ಹಿರಿಯರಿಗೆ ಬಂಗಾರ ಅಂತ ಬನ್ನಿ ಎಲೆ ಕೊಡಬೇಕು. ಅಬಚಿಗೆ ಈಗ ಎಂಬತ್ನಾಲ್ಕು. ನನ್ನ ತಮ್ಮನ ಮನೆಯಲ್ಲಿ ಅವನ ಮೊಮ್ಮಕ್ಕಳ ಜೊತೆ ಕೇರಂ ಆಡಿಕೊಂಡು, ಅವರಿಗೆ ಮೋಸ ಮಾಡಿಕೊಂಡು ಗಟ್ಟಿಯಾಗಿದ್ದಾಳೆ. ವಿಡಿಯೋ ಹಚ್ಚಿದೆ. "ಬನ್ನಿ ತಗೊಂಡು ಬಂಗಾರಧಾಂಗ ಇರೋಣು ಅಬಚಿ," ಅಂದೆ. ಆಮೇಲೆ ಅಂದೆ, "ಅಬಚಿ, ಗುಡ್ಡಾ ಹತ್ತಿದೆ. ಸೈಕಲ್ ಮ್ಯಾಲ. ಇಳೀಲಿಲ್ಲ. ಎದ್ದು ನಿಂತು ತುಳದೆ."

ಅವಳು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದಳು. "ಯಾರರ ನೋಡಿದ್ರೇನ?"

ಇಷ್ಟು ವರ್ಷದ ಮೇಲೂ ಅದೇ ಅಂಜಿಕೆಯೇ?

"ಹೂಂ ಅಬಚಿ. ನಾಲ್ಕು ಮಂದಿ ಇಲ್ಲೇ ಕೂತಿದ್ರು. ಎಲ್ಲಾರೂ ನೋಡಿದ್ರು."

"ಭಾಳ ಛಲೋ ಆತು," ಅಂದಳು ಅಬಚಿ. "ನಾ ಹತ್ತಿದಾಗ ಯಾರೂ ನೋಡ್ಲಿಲ್ಲ ನೋಡು."

"ನೀ ಯಾವಾಗ ಹತ್ತಿದಿ?"

"ರಿಟೈರ್ ಆದ ಮರುದಿನ. ಮಾಳಮಡ್ಡಿ ಏರು. ಮುಂಜಾನೆದ್ದು ಹೋಗಿ, ಪೆಡಲ್ ಮ್ಯಾಲ ನಿಂತು ಹತ್ತೇಬಿಟ್ಟೆ. ಮ್ಯಾಲ ನಿಂತು ಸ್ವಲ್ಪ ಹೊತ್ತು ಕಾಯ್ದೆ, ಯಾರರ ಬರ್ತಾರೇನೋ ಅಂತ. ಯಾರೂ ಬರ್ಲಿಲ್ಲ. ಮನೀಗೆ ಬಂದು ಚಹಾ ಮಾಡಿದೆ."

ಫೋನನ್ನು ಬೆಂಚಿನವರ ಕಡೆ ತಿರುಗಿಸಿದೆ. ಮೇಘಾ ತನಗೆ ಬರುವ ಹರಕುಮುರುಕು ಫ್ರೆಂಚಿನಲ್ಲಿ ಏನೋ ಹೇಳಿದಳು, ಸೈಕಲ್ ತೋರಿಸಿದಳು, ಗುಡ್ಡ ತೋರಿಸಿದಳು, ಫೋನಿನಲ್ಲಿದ್ದ ಅಜ್ಜಿಯನ್ನು ತೋರಿಸಿದಳು. ಅವರಿಗೆ ಅರ್ಥವಾಯಿತು. ನಾಲ್ವರೂ ಎದ್ದು ನಿಂತರು, ಜೂಲಿಯನ್ ಎಣ್ಣೆಗೈ ಒರೆಸಿಕೊಂಡು ಅವರ ಜೊತೆ ನಿಂತ. ಎಲ್ಲರೂ ಸೇರಿ ಅಬಚಿಗೆ ಚಪ್ಪಾಳೆ ಹೊಡೆದರು. ಹೊಡೆದೇ ಹೊಡೆದರು.

ಅಬಚಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕಳು. "ಅಯ್ಯ, ಸಾಕು ಮಾಡ್ರೇ," ಅಂದಳು. "ಯಾರರ ನೋಡ್ಯಾರು!"